ಕಾರಿನ ಸ್ಕ್ರೀನಿಗೆ ಪ್ರೈವಸಿ ಶೀಟ್ ಹಚ್ಚಿ 14 ತಿಂಗಳಾತು

ನಂದು ದಿನಾ ಹುಬ್ಬಳ್ಳಿ-ಧಾರವಾಡ. ಧಾರವಾಡ ನಮಗ ವಾಯವ್ಯಕ್ಕ ಬರತೈತಿ, ಹಿಂಗಾಗಿ ಮುಂಜಾನೆ ಹೋಗೂವಾಗ ಬಿಸಲು ಹಿಂದಿನ ಗ್ಲಾಸಿನ್ಯಾಗಿಂದ ಸೀದಾ ಸ್ಕ್ರೀನಿಗೆ ಬಡಿಯೂದು, ಸಂಜಿ ಹೊಳ್ಳಿ ಬರೂವಾಗ ಅದೇ ಸೂರ್ಯ ಬಲಗಡೆ ಹೆಗಲ ಮ್ಯಾಲಿಂದ ಇಣುಕಾಂವ. ಟ್ರಾಫಿಕ್ ನೋಡೂಣಂದ್ರ ಮ್ಯಾಪಿಗಿಂತ ನನ್ನ ಬಿಳೇ ಅಂಗಿನ ಚಲೋ ಕಾಣತಿತ್ತು. ಹಿಂದಿನ ಗ್ಲಾಸಿಗೆ ಟವೆಲ್ ಕಟ್ಟಿದ್ದೂ ಆತು.

ಪ್ಯಾಟ್ಯಾಗ ಒಬ್ಬ ಅಂಗಡ್ಯಾಂವ "ಗ್ಲೇರ್ ಹೋಗತೈತ್ರಿ ಸರ, ಬಾಜೂದವರಿಗೂ ಕಾಣಂಗಿಲ್ಲ" ಅಂತ ಲ್ಯಾಪ್‌ಟಾಪಿಗೆ ಹಚ್ಚೂ ಪ್ರೈವಸಿ ಶೀಟ್ 900 ರೂಪಾಯಿಗೆ ಕೊಟ್ಟ. ಬಾಜೂದವರಿಗೆ ಕಾಣಂಗಿಲ್ಲ ಅಂದಾಗರ ನನಗ ತಿಳೀಬೇಕಿತ್ತು. ನನ್ನ 7 ಇಂಚಿನ ಸ್ಕ್ರೀನಿನ ಅಳತಿಗೆ ಕತ್ತರಿಸಿ ಹಚ್ಚಿದೆ. ಸ್ಕ್ರೀನ್ ಇರೂದು ನಟ್ಟನಡುವ, ನಾ ಬಲಕ್ಕ, ನಮ್ಮಕಿ ಎಡಕ್ಕ, ಇಬ್ರಿಗೂ ಕರೇ ಹಲಗಿ! ರಿವರ್ಸ್ ಕ್ಯಾಮೆರಾನೂ ಅಷ್ಟ. ಗದಗಕ್ಕ ಮದುವಿಗೆ ಹೋದಾಗ ಹಿಂದ ನಡುವ ಕುಂತಿದ್ದ ಅವ್ವಗ ಒಬ್ಬಾಕಿಗೆ ಸ್ವಚ್ಛ ಕಾಣತಿತ್ತು, "ತಮ್ಮಾ, ಬಲಕ್ಕ ಹೊಳ್ಳಂತ ಬಾಣ ತೋರಸಾಕತ್ತೈತಿ ನೋಡೋ" ಅಂತ ಆಕಿನ ದಾರಿ ಹೇಳಿ ಮುಟ್ಟಿಸಿದ್ಲು. 900 ರೂಪಾಯಿ ನೀರಾಗ ಹಾಕಿದಂಗಾತು ಅಂತ ನಮ್ಮಕಿ ಕಡೆ ಬೈಸ್ಕೊಂಡೆ.

ಆಮ್ಯಾಲ ಒಂದಿನ ಉಳಿದ ತುಂಡನ್ನ ಕೈಯಾಗ ಹಿಡದು ಆಕಡೆ ಈಕಡೆ ವಾಲಿಸಿ ನೋಡಕೋತ ಕುಂತಿದ್ದೆ. ಅದರೊಳಗ ಕಿಟಕಿಯ ಬ್ಲೈಂಡ್ಸ್ ಇರತಾವಲ್ಲ, ಹಂಗ ಕಣ್ಣಿಗೆ ಕಾಣದಷ್ಟು ಸಣ್ಣ ಕರೇ ಪಟ್ಟಿ ಉದ್ದಕ ನಿಂತಿರತಾವ, ಅದಕ್ಕ ಬಾಜೂದಿಂದ ಕಾಣಂಗಿಲ್ಲ. ಹಂಗಾರ ಅಡ್ಡ ಮಲಗಿಸಿದ್ರ? ತಿರುವಿ ಕತ್ತರಿಸಿ, ಹೊಳಪಿಲ್ಲದ ಬಾಜೂ ಹೊರಗ ಮಾಡಿ ಹಚ್ಚಿದೆ. ಏನ್ರೀ ಅದು, ಎರಡೂ ಸೀಟಿಗೆ ಮ್ಯಾಪ್ ಬಂತು, ಬಿಸಲಿನ ಝಳಪು ಹೋತು, ಮತ್ತ ನಾ ಲೆಕ್ಕಕ್ಕ ಹಿಡೀದ ಇನ್ನೊಂದು ಸಿಕ್ತು: ರಾತ್ರಿ ಮುಂದಿನ ಗ್ಲಾಸಿನ್ಯಾಗ ಸ್ಕ್ರೀನಿನ ಒಂದ ಭೂತ ತೇಲತಿತ್ತು, ಅದು ಗಾಯಬ್. ಮ್ಯಾಲಕ್ಕ ಹೋಗೂ ಬೆಳಕನ್ನ ಪಟ್ಟಿ ತಡದ ಬಿಡತಾವ.

ಈಗ ಮುಂಜಾನೆ ಕೀಲಿ ತಿರುವೂಕಿಂತ ಮೊದಲ ಹಾ ಅಂತ ಉಸಿರು ಬಿಟ್ಟು ಚಸ್ಮಾದ ಅರಿವಿಲೆ ಮೆಲ್ಲಕ ಒರಸೂದು ಒಂದು ಪೂಜಿ ಆಗೇತಿ, ಒಂದ ಬೆರಳಿನ ಗುರುತಿದ್ರೂ ಬಿಸಲಾಗ ಎದ್ದು ಕಾಣತೈತಿ.

ತಕರಾರು ಇಲ್ಲಂತಲ್ಲ. ಬ್ರೈಟ್‌ನೆಸ್ ಫುಲ್ ಇಡಬೇಕು, ಅಕ್ಷರ ಸ್ವಲ್ಪ ಮಸುಕು, ಟಚ್ ಎರಡೆರಡ ಸಲ ಒತ್ತಬೇಕು. ನಮ್ಮ ಮೈದುನ ಆರಡಿ ಆಳು, ಆಂವ ಬಗ್ಗಿ ನೋಡಬೇಕು, ನನಗ ಅದೇನ ಬ್ಯಾಸರ ಇಲ್ಲ. ಮೊನ್ನೆ ಒಂದ ಮೂಲಿ ಎದ್ದೈತಿ. ಶೀಟಿನ್ಯಾಗ ಇನ್ನೊಂದ ತುಂಡಿಗಾಗೂವಷ್ಟು ಉಳದೈತಿ, ಐತವಾರ ಕತ್ತರಿ ಹಿಡೀತೇನಿ.