ಹಾಸಿಗೆ ಪಕ್ಕದ ಮಾನಿಟರ್: ಐಸಿಯು ನರ್ಸ್ ಒಬ್ಬರ ಬಳಕೆಯ ವಿಮರ್ಶೆ

ನಮ್ಮ ತೀವ್ರ ನಿಗಾ ಘಟಕದಲ್ಲಿ ಪ್ರತಿ ಹಾಸಿಗೆಯ ತಲೆದಿಕ್ಕಿಗೆ ಅಳವಡಿಸಿರುವ, ರೋಗಿಯ ಹೃದಯಬಡಿತ, ರಕ್ತದೊತ್ತಡ, ಆಮ್ಲಜನಕ ತೋರಿಸುವ ಮಾನಿಟರ್‌ನೊಂದಿಗೆ ನಾನು ನಾಲ್ಕು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಒಂದು ಪಾಳಿಯಲ್ಲಿ ನನ್ನ ಕೈ ಅತಿ ಹೆಚ್ಚು ಸಲ ಹೋಗುವುದು ಈ ಯಂತ್ರದ ಕಡೆಗೇ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಹೊರಟಿರುವ ಗುಣದೋಷಗಳಲ್ಲಿ ಬಹುಪಾಲು ಈ ಬಗೆಯ ಎಲ್ಲ ಮಾನಿಟರ್‌ಗಳಿಗೂ ಸೇರಿದವು. ಖರೀದಿ ಸಮಿತಿಯವರು ಪರದೆಯ ಅಳತೆ, ಬ್ಯಾಟರಿ, ವಾರಂಟಿ ಇವುಗಳನ್ನು ನೋಡಿ ತೀರ್ಮಾನಿಸುತ್ತಾರೆ. ಇದರ ಜೊತೆ ರಾತ್ರಿ ಕಳೆಯುವವರು ನೋಡುವುದು ಬೇರೆ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪರದೆ ಸ್ಪಷ್ಟವಾಗಿದೆ, ಬಾಗಿಲಲ್ಲಿ ನಿಂತರೂ ಅಂಕಿಗಳು ಕಾಣುತ್ತವೆ. ಕೇಬಲ್‌ಗಳು ಗಟ್ಟಿ. ರೋಗಿಯನ್ನು ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಇಡೀ ಸರಂಜಾಮನ್ನು ಬಿಚ್ಚದೆ ಚಿಕ್ಕ ಮಾಡ್ಯೂಲ್ ಒಂದನ್ನೇ ಕಳಚಿ ಒಯ್ಯಬಹುದು; ಈ ಒಂದು ಸೌಲಭ್ಯಕ್ಕಾಗಿಯೇ ನಾನು ಇದನ್ನು ಹಳೆಯ ಮಾದರಿಗಿಂತ ಮೇಲೆ ಇಡುತ್ತೇನೆ.

ಅಳತೆಯ ನಿಖರತೆಯ ವಿಷಯಕ್ಕೆ ಬಂದರೆ, ಯಂತ್ರ ಎಷ್ಟು ನಿಜ ಹೇಳುತ್ತದೆ ಎಂಬುದು ಅದನ್ನು ಜೋಡಿಸಿದ ಕೈಯ ಮೇಲೆ ನಿಂತಿದೆ. ಆರ್ಟೀರಿಯಲ್ ಲೈನಿನ (ರಕ್ತದೊತ್ತಡವನ್ನು ಎಡೆಬಿಡದೆ ಅಳೆಯಲು ಅಪಧಮನಿಯೊಳಗೆ ಇಡುವ ಸಣ್ಣ ಕೊಳವೆ) ಒತ್ತಡ ಗ್ರಹಿಸುವ ಭಾಗವಾದ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲಿರಬೇಕು. ಅದು ಹತ್ತು ಸೆಂಟಿಮೀಟರ್ ಕೆಳಗೆ ಜಾರಿದರೆ ರಕ್ತದೊತ್ತಡ ಸುಮಾರು 7 ಮಿಲಿಮೀಟರ್‌ನಷ್ಟು ಹೆಚ್ಚಾಗಿ ಕಾಣುತ್ತದೆ. ಸರಾಸರಿ ಒತ್ತಡ 65ಕ್ಕಿಂತ ಇಳಿಯಬಾರದು ಎಂದು ವೈದ್ಯರು ಬರೆದಿರುವಾಗ, ಪರದೆಯ ಮೇಲೆ 68 ಇದ್ದು ರೋಗಿಯ ದೇಹದಲ್ಲಿ ಇರುವುದು 61 ಆಗಿದ್ದರೆ, ನಾರ್‌ಅಡ್ರಿನಲಿನ್ (ರಕ್ತದೊತ್ತಡ ಹೆಚ್ಚಿಸುವ ಔಷಧ) ಏರಿಸಬೇಕಾದ ಹೊತ್ತಿನಲ್ಲಿ ನಾವು ನೆಮ್ಮದಿಯಾಗಿ ಇಳಿಸುತ್ತಿರುತ್ತೇವೆ. ಹಾಸಿಗೆಯ ತಲೆಭಾಗವನ್ನು ಎತ್ತಿದಾಗಲೆಲ್ಲ ಮಟ್ಟವನ್ನು ಮತ್ತೆ ನೋಡಿಕೊಳ್ಳುವಂತೆ ಈ ಮಾನಿಟರ್ ಎಲ್ಲೂ ನೆನಪಿಸುವುದಿಲ್ಲ. ನೆನಪಿಸಬೇಕಿತ್ತು.

ಬೆರಳಿನ ಸ್ಯಾಚುರೇಷನ್ ಪ್ರೋಬ್‌ನ ಬಗ್ಗೆ ನನಗೆ ಗೌರವವೂ ಇದೆ, ಅಳುಕೂ ಇದೆ. ಜಪಾನಿನ ಟಕುವೊ ಅಯೊಯಾಗಿ 1970ರ ದಶಕದಲ್ಲಿ ಕಂಡುಕೊಂಡ ತತ್ವದ ಮೇಲೆ ಕೆಲಸ ಮಾಡುವ ಈ ಸಾಧನ, ಸೂಜಿ ಚುಚ್ಚದೆ, ಎರಡು ತರಂಗಾಂತರಗಳ ಬೆಳಕನ್ನು ಬೆರಳಿನ ಮೂಲಕ ಹಾಯಿಸಿ ರಕ್ತದ ಆಮ್ಲಜನಕವನ್ನು ಅಂದಾಜಿಸುತ್ತದೆ. ಅಂದಾಜಿಸುತ್ತದೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. 2020ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಾಧನ ಶೇ. 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತಪರೀಕ್ಷೆಯ ಪ್ರಕಾರ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದದ್ದು ಕಪ್ಪು ವರ್ಣದ ರೋಗಿಗಳ ಮಾಪನಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಚರ್ಮದ ಬಣ್ಣ ಗಾಢವಾದಷ್ಟೂ ಯಂತ್ರ ಸುಳ್ಳು ಭರವಸೆ ಕೊಡುವ ಸಂಭವ ಹೆಚ್ಚೆಂದಾದರೆ ಅದನ್ನು ಬರೀ ತಾಂತ್ರಿಕ ಕೊರತೆಯೆಂದು ಬದಿಗಿಡಲು ನನ್ನಿಂದಾಗದು; ಯಾರ ಉಸಿರಾಟದ ಕಷ್ಟ ನಮಗೆ ತಡವಾಗಿ ತಿಳಿಯುತ್ತದೆ ಎಂಬ ನ್ಯಾಯದ ಪ್ರಶ್ನೆ ಅದು. ನಮ್ಮ ಮಾನಿಟರ್‌ನ ಕೈಪಿಡಿಯಲ್ಲಿ ಈ ಬಗ್ಗೆ ಇರುವುದು ಸಣ್ಣ ಅಕ್ಷರದ ಒಂದು ಸಾಲು ಮಾತ್ರ.

ಇನ್ನು ಅಲಾರಂ. ಈ ಯಂತ್ರದ ಅತಿ ದೊಡ್ಡ ಸಮಸ್ಯೆ ಇದೇ. ಸ್ಯಾನ್ ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯವೊಂದರ ಐದು ಐಸಿಯುಗಳ 77 ಹಾಸಿಗೆಗಳಲ್ಲಿ 31 ದಿನ ಎಣಿಸಿ 2014ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಅಷ್ಟು ಅವಧಿಯಲ್ಲಿ 25 ಲಕ್ಷಕ್ಕೂ ಹೆಚ್ಚು ಎಚ್ಚರಿಕೆಗಳು ದಾಖಲಾಗಿದ್ದವು. ಕಿವಿಗೆ ಕೇಳುವಂಥವೇ ಹಾಸಿಗೆಯೊಂದಕ್ಕೆ ದಿನಕ್ಕೆ 187. ಹೃದಯದ ಲಯ ತಪ್ಪಿದೆ ಎಂದು ಕೂಗಿದ ಎಚ್ಚರಿಕೆಗಳಲ್ಲಿ ಪರಿಣತರು ಕೂತು ಪರಿಶೀಲಿಸಿದ 12,671ರಲ್ಲಿ ಶೇ. 88.8 ಸುಳ್ಳಾಗಿದ್ದವು. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ, ಸಮಾಧಾನವಾಯಿತು. ದಣಿದದ್ದು ನಾನೊಬ್ಬಳೇ ಅಲ್ಲ ಎಂದು ತಿಳಿಯಿತು.

ಒಂದು ಬೆಳಗ್ಗೆ ಹಿರಿಯ ರೋಗಿಯೊಬ್ಬರಿಗೆ ನಾನು ಹಲ್ಲುಜ್ಜಿಸುತ್ತಿದ್ದೆ. ಬ್ರಷ್ ಆಡಿದ ಲಯಕ್ಕೆ ಸರಿಯಾಗಿ ಇಸಿಜಿಯ ಗೆರೆ ಅಗಲಗಲವಾಗಿ ಎದ್ದೆದ್ದು ಬಿದ್ದಿತು. ಮಾನಿಟರ್ ಅದನ್ನು ವೆಂಟ್ರಿಕ್ಯುಲಾರ್ ಟ್ಯಾಕಿಕಾರ್ಡಿಯ (ಜೀವಕ್ಕೆ ಅಪಾಯ ತರಬಲ್ಲ ಅತಿವೇಗದ ಹೃದಯಬಡಿತ) ಎಂದು ಓದಿ ಕೆಂಪು ದೀಪ ಹಚ್ಚಿ ಕಿರುಚಿತು. ಅವರು ಬಾಯಲ್ಲಿ ನೊರೆ ತುಂಬಿಕೊಂಡೇ ಕಣ್ಣಗಲಿಸಿ ನನ್ನ ಕೈ ಹಿಡಿದುಕೊಂಡರು. ಆರ್ಟೀರಿಯಲ್ ಲೈನಿನ ತರಂಗ ಮಾತ್ರ ಕೆಳಗಿನ ಸಾಲಿನಲ್ಲಿ ಒಂದಿಷ್ಟೂ ಕದಲದೆ ಸಾಗುತ್ತಿತ್ತು. ಒಂದೇ ಪರದೆಯ ಎರಡು ಸಾಲುಗಳನ್ನು ಹೋಲಿಸಿ ನೋಡಲು ನನಗೆ ಅರೆಕ್ಷಣ ಸಾಕಾಗಿತ್ತು. ಯಂತ್ರಕ್ಕೆ ಆ ಹೋಲಿಕೆ ಬರುವುದಿಲ್ಲ, ಅಥವಾ ನಮ್ಮ ಮಾದರಿಗೆ ಅದನ್ನು ಕಲಿಸಿಲ್ಲ. ಆ ಅಮ್ಮನ ಹೆದರಿಕೆ ಇಳಿಯಲು ಮಾತ್ರ ಬಹಳ ಹೊತ್ತು ಬೇಕಾಯಿತು, ಅಂದು ಅವರು ಮತ್ತೆ ಬಾಯಿ ತೆರೆಯಲು ಒಪ್ಪಲೇ ಇಲ್ಲ.

ಸುಳ್ಳು ಕೂಗು ನಮ್ಮನ್ನು ಏನು ಮಾಡುತ್ತದೆ ಎಂಬುದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಒಂದು ರಾತ್ರಿ ವೆಂಟಿಲೇಟರ್ ಮೇಲಿದ್ದ ರೋಗಿಯೊಬ್ಬರ ಬೆರಳು ತಣ್ಣಗಾಗಿ ಸ್ಯಾಚುರೇಷನ್ ಪ್ರೋಬ್ ಪದೇ ಪದೇ ಸಂಕೇತ ಕಳೆದುಕೊಳ್ಳುತ್ತಿತ್ತು. ಏಳೆಂಟು ಸಲ ಎದ್ದು ಹೋಗಿ ಸರಿಪಡಿಸಿ ಬಂದಿದ್ದೆ. ಮತ್ತೊಮ್ಮೆ ಕೂಗಿದಾಗ ಪಕ್ಕದ ಹಾಸಿಗೆಗೆ ಔಷಧ ಸೇರಿಸುತ್ತಿದ್ದ ನಾನು, ತಿರುಗಿಯೂ ನೋಡದೆ ಕೈಚಾಚಿ ಎರಡು ನಿಮಿಷದ ಮೌನದ ಗುಂಡಿ ಒತ್ತಿದೆ. ಆ ಸಲ ಪ್ರೋಬ್ ಸರಿಯಾಗಿಯೇ ಇತ್ತು. ಉಸಿರಾಟದ ಟ್ಯೂಬಿನಲ್ಲಿ ಕಫ ಕಟ್ಟಿತ್ತು. ಸಹೋದ್ಯೋಗಿಯೊಬ್ಬರು ಅವರ ಎದೆಯ ಏರಿಳಿತ ಕಂಡು ಓಡಿ ಬಂದು ಸಕ್ಷನ್ ಮಾಡಿ ಕಫವನ್ನು ಹೀರಿ ತೆಗೆದದ್ದರಿಂದ ಅನಾಹುತ ತಪ್ಪಿತು. ನಾನು ಘಟನಾ ವರದಿ ಬರೆದುಕೊಟ್ಟೆ, ಬೆಳಗ್ಗೆ ಮನೆಯವರಿಗೆ ನಡೆದದ್ದನ್ನು ವೈದ್ಯರೊಂದಿಗೆ ಕೂತು ಹೇಳಿದೆ. ಅಂದಿನಿಂದ, ಮುಖ ನೋಡದೆ ಆ ಗುಂಡಿಯನ್ನು ಮುಟ್ಟಿಲ್ಲ.

ಆದರೂ ಇದನ್ನು ನರ್ಸ್‌ಗಳ ಅಜಾಗರೂಕತೆಯೆಂದು ಮಾತ್ರ ನೋಡುವುದು ನನಗೆ ಒಪ್ಪಿಗೆಯಿಲ್ಲ. ಈ ಮಾನಿಟರ್‌ನಲ್ಲಿ ಮೌನದ ಗುಂಡಿ ಪರದೆಯ ಮೂಲೆಯಲ್ಲಿ ಒಂದೇ ಒತ್ತಿಗೆ ಸಿಗುತ್ತದೆ. ಅಲಾರಂ ಮಿತಿಗಳನ್ನು ಆ ರೋಗಿಗೆ ತಕ್ಕಂತೆ ಬದಲಿಸಬೇಕಾದರೆ ಮೆನುವಿನೊಳಗೆ ನಾಲ್ಕು ಹಂತ ಇಳಿಯಬೇಕು. ಸುಮ್ಮನಾಗಿಸುವುದು ಸುಲಭ, ಸರಿಪಡಿಸುವುದು ಕಷ್ಟ ಎಂಬಂತೆ ವಿನ್ಯಾಸ ಮಾಡಿಟ್ಟು ಆಮೇಲೆ ಜವಾಬ್ದಾರಿಯನ್ನು ರಾತ್ರಿಪಾಳಿಯವರ ತಲೆಗೆ ಕಟ್ಟುವುದು ಸರಿಯಲ್ಲ. ದಿನಕ್ಕೊಮ್ಮೆ ಚರ್ಮವನ್ನು ಒರೆಸಿ ಇಸಿಜಿಯ ಹೊಸ ಎಲೆಕ್ಟ್ರೋಡ್ ಅಂಟಿಸುವುದು, ಪಾಳಿ ಬದಲಾಗಿ ಹ್ಯಾಂಡ್‌ಓವರ್ ಆದೊಡನೆ ಮಿತಿಗಳನ್ನು ನೋಡಿಕೊಳ್ಳುವುದು, ಈ ಎರಡನ್ನು ನಮ್ಮ ಘಟಕದಲ್ಲಿ ರೂಢಿಗೆ ತಂದ ಮೇಲೆ ಗದ್ದಲ ಕಣ್ಣಿಗೆ ಕಾಣುವಷ್ಟು ಇಳಿದಿದೆ. ರೋಗಿಗಳಿಗೆ ಒಂದಿಷ್ಟು ನಿದ್ದೆ ಬರುತ್ತಿದೆ.

ದಾಖಲೆಯ ಸೌಲಭ್ಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪ್ರತಿ ಗಂಟೆಯ ಅಂಕಿಗಳು ತಾವಾಗಿಯೇ ಕೇಸ್ ಶೀಟಿಗೆ ಹೋಗುತ್ತವೆ, ನಾವು ದೃಢೀಕರಿಸಿದರೆ ಸಾಕು. ಸಮಯ ಉಳಿಯುತ್ತದೆ, ನಿಜ. ಆದರೆ ಆರು ಗಂಟೆಗಳ ಅಂಕಿಗಳನ್ನು ಒಟ್ಟಿಗೆ ದೃಢೀಕರಿಸಲು ಯಂತ್ರ ಬಿಡುತ್ತದೆ, ರೋಗಿ ಮಗ್ಗುಲಾದಾಗ ಬಂದ ತಪ್ಪು ರಕ್ತದೊತ್ತಡವೂ ನಮ್ಮ ಸಹಿಯೊಂದಿಗೆ ಶಾಶ್ವತವಾಗಿ ಉಳಿಯುತ್ತದೆ. ನೋಡದ್ದನ್ನು ನೋಡಿದ್ದೇನೆಂದು ಸಹಿ ಮಾಡುವಷ್ಟು ಸುಲಭವನ್ನು ಯಾವ ಯಂತ್ರವೂ ಮಾಡಿಕೊಡಬಾರದು.

ಮನೆಯವರ ವಿಷಯ ಬಿಟ್ಟರೆ ಈ ವಿಮರ್ಶೆ ಅರ್ಧವಾಗುತ್ತದೆ. ಭೇಟಿಯ ಸಮಯದಲ್ಲಿ ಒಳಗೆ ಬರುವವರ ಕಣ್ಣು ಮೊದಲು ಹೋಗುವುದು ಮಾನಿಟರ್ ಕಡೆಗೆ. ಅವರಿಗೆ ಅದೊಂದೇ ಓದಲು ಬರುವ ಭಾಷೆ, ಉಳಿದ ಟ್ಯೂಬುಗಳೆಲ್ಲ ಬರೀ ಭಯ. ಹೀಗೆ ಬಂದ ಮಗನೊಬ್ಬ ತಂದೆಯ ಕೊನೆಯ ಸಂಜೆಯಲ್ಲಿ ಪರದೆಯ ಮೇಲೆ ನೆಟ್ಟ ನೋಟ ಕೀಳದೆ, ‘ಸಿಸ್ಟರ್, 82 ಇದ್ದದ್ದು 79 ಆಯ್ತು, ಏನಾದರೂ ಮಾಡಿ’ ಎನ್ನುತ್ತಲೇ ಇದ್ದರು. ಚಿಕಿತ್ಸೆಯನ್ನು ಮುಂದುವರಿಸದೆ ನೋವಿಲ್ಲದಂತೆ ನೋಡಿಕೊಳ್ಳುವುದೆಂದು ವೈದ್ಯರು ಮತ್ತು ಮನೆಯವರು ಮಧ್ಯಾಹ್ನವೇ ಕೂತು ತೀರ್ಮಾನಿಸಿದ್ದರು. ನಾನು ಆ ಮಗನನ್ನು ಕೇಳಿ, ಹಾಸಿಗೆ ಪಕ್ಕದ ಪರದೆಯನ್ನು ಖಾಸಗಿ ಸ್ಥಿತಿಗೆ ಹಾಕಿದೆ. ಈ ಸೌಲಭ್ಯದಲ್ಲಿ ಕೋಣೆಯ ಪರದೆ ಕಪ್ಪಾಗುತ್ತದೆ, ಸದ್ದು ನಿಲ್ಲುತ್ತದೆ, ಅಂಕಿಗಳು ನರ್ಸಿಂಗ್ ಸ್ಟೇಷನ್ನಿನಲ್ಲಿ ಮಾತ್ರ ಕಾಣುತ್ತವೆ. ಅವರು ಸ್ವಲ್ಪ ಹೊತ್ತು ಆ ಕಪ್ಪು ಗಾಜನ್ನೇ ನೋಡಿದರು, ಆಮೇಲೆ ಕುರ್ಚಿಯನ್ನು ಮಂಚದ ಕಡೆಗೆ ತಿರುಗಿಸಿಕೊಂಡು ತಂದೆಯ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಕೂತರು.

ಈ ಯಂತ್ರದಲ್ಲಿ ನಾನು ಅತ್ಯಂತ ಮೆಚ್ಚುವುದು ಈ ಸೌಲಭ್ಯವನ್ನೇ. ಆದರೆ ತರಬೇತಿಗೆ ಬಂದ ಕಂಪನಿಯ ಪ್ರತಿನಿಧಿ ಒಂದೂವರೆ ಗಂಟೆಯ ಪ್ರಾತ್ಯಕ್ಷಿಕೆಯಲ್ಲಿ ಇದರ ಹೆಸರನ್ನೂ ಎತ್ತಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಒಂದು ರಾತ್ರಿ ತೋರಿಸಿಕೊಟ್ಟಾಗಲೇ ನನಗೆ ತಿಳಿದದ್ದು. ಹೊಸದಾಗಿ ಕೊಳ್ಳುವ ಆಸ್ಪತ್ರೆಗಳಿಗೆ ಈ ಮಾನಿಟರನ್ನು ನಾನು ಶಿಫಾರಸು ಮಾಡುತ್ತೇನೆ, ಆದರೆ ಎರಡು ಷರತ್ತುಗಳ ಮೇಲೆ: ಆರಂಭಿಕ ಅಲಾರಂ ಮಿತಿಗಳನ್ನು ಕಂಪನಿಯವರು ಹಾಕಿಕೊಟ್ಟಂತೆ ಬಿಡದೆ ನಿಮ್ಮ ಘಟಕದ ನರ್ಸ್‌ಗಳನ್ನೂ ವೈದ್ಯರನ್ನೂ ಕೂರಿಸಿಕೊಂಡು ನಿಗದಿಪಡಿಸಿರಿ, ಮತ್ತು ಖಾಸಗಿ ಸ್ಥಿತಿಯನ್ನು ಹಾಕುವುದು ಹೇಗೆಂದು ಪ್ರತಿ ಪಾಳಿಯವರಿಗೂ ಮೊದಲ ದಿನವೇ ಕೈಹಿಡಿದು ತೋರಿಸಿರಿ.