ಗಿಟಾರ್ ಆಂಪ್ಲಿಫೈಯರ್‌ಗೆ ಸ್ಕ್ರೂ ಟರ್ಮಿನಲ್‌ನ ತ್ರೀ-ಪಿನ್ ಪ್ಲಗ್: ಯಾವುದನ್ನು ಕೊಳ್ಳಬೇಕು, ಯಾವ ಸದ್ದು ಹೋಗುತ್ತದೆ

ಬಿಚ್ಚಿ ವೈರ್ ಜೋಡಿಸಬಹುದಾದ ತ್ರೀ-ಪಿನ್ ಪ್ಲಗ್‌ಗಳು ಹೊರನೋಟಕ್ಕೆ ಎಲ್ಲವೂ ಒಂದೇ. ಕೊಳ್ಳುವ ಮುಂಚೆ ಮುಚ್ಚಳ ತೆಗೆದು ಎರಡೇ ಜಾಗ ನೋಡಿ: ಅರ್ಥ್ ಟರ್ಮಿನಲ್ ಮತ್ತು ಕೇಬಲ್ ಹಿಡಿಯುವ ಕ್ಲಾಂಪ್. ಆಂಪ್ಲಿಫೈಯರ್ ಮನೆಯ ಮೂಲೆಯಲ್ಲಿ ಸುಮ್ಮನೆ ಕೂರುವ ವಸ್ತುವಲ್ಲ. ಎತ್ತಿ ಸಾಗಿಸುತ್ತಾರೆ, ಕೇಬಲ್ ಹಿಡಿದು ಎಳೆಯುತ್ತಾರೆ, ವೇದಿಕೆಯಲ್ಲಿ ಅದರ ಮೇಲೆ ಕಾಲಿಡುತ್ತಾರೆ. ಕ್ಲಾಂಪ್ ಸಡಿಲವಿದ್ದರೆ ಆ ಎಳೆತವೆಲ್ಲ ನೇರವಾಗಿ ಸ್ಕ್ರೂಗಳ ಮೇಲೆ ಬೀಳುತ್ತದೆ.

ಒಳ್ಳೆಯ ಪ್ಲಗ್‌ನಲ್ಲಿ ಪಿನ್ ಮತ್ತು ಟರ್ಮಿನಲ್ ಗಟ್ಟಿ ಹಿತ್ತಾಳೆಯ ಒಂದೇ ತುಂಡು. ಅಗ್ಗದವುಗಳಲ್ಲಿ ತಗಡನ್ನು ಮಡಚಿ ಪಿನ್ ಮಾಡಿರುತ್ತಾರೆ. ಸ್ಕ್ರೂವನ್ನು ಎರಡು ಸಲ ಬಿಗಿ ಮಾಡುವಷ್ಟರಲ್ಲಿ ಥ್ರೆಡ್ ಕೆಟ್ಟುಹೋಗುತ್ತದೆ. ಕ್ಲಾಂಪ್‌ಗೆ ಎರಡು ಸ್ಕ್ರೂ ಇರಬೇಕು, ಅದು ಕೇಬಲ್‌ನ ಹೊರ ಹೊದಿಕೆಯನ್ನೇ ಕಚ್ಚಬೇಕು. ಒಳಗಿನ ಬಣ್ಣದ ವೈರ್‌ಗಳ ಮೇಲೆ ಕ್ಲಾಂಪ್ ಕೂರುವ ವಿನ್ಯಾಸವಿದ್ದರೆ ಆ ಪ್ಲಗ್ ಬೇಡ. ಕರೆಂಟಿನ ವಿಷಯದಲ್ಲಿ ಚಿಂತೆ ಇಲ್ಲ: 100 ವ್ಯಾಟ್‌ನ ವಾಲ್ವ್ ಆಂಪ್ಲಿಫೈಯರ್ ಕೂಡ 230 ವೋಲ್ಟ್‌ನಲ್ಲಿ ಸಾಮಾನ್ಯವಾಗಿ 2 ಆಂಪಿಯರ್ ಆಸುಪಾಸಿನಲ್ಲೇ ಇರುತ್ತದೆ. ಕೇಬಲ್ ಮೂರು ಕೋರಿನ 1 ಚದರ ಮಿಲಿಮೀಟರ್‌ನದಾದರೆ ಸಾಕು.

ಜೋಡಿಸುವಾಗ ಹೊರ ಹೊದಿಕೆಯನ್ನು ಸುಮಾರು 40 ಮಿ.ಮೀ. ಸುಲಿಯಿರಿ. ಫೇಸ್ ಮತ್ತು ನ್ಯೂಟ್ರಲ್ ವೈರ್‌ಗಳನ್ನು ಟರ್ಮಿನಲ್‌ಗೆ ಮುಟ್ಟುವಷ್ಟಕ್ಕೆ ಕತ್ತರಿಸಿ, ಅರ್ಥ್ ವೈರನ್ನು ಮಾತ್ರ 10 ಮಿ.ಮೀ.ನಷ್ಟು ಹೆಚ್ಚು ಉದ್ದ ಬಿಡಿ. ಕೇಬಲ್ ಕಿತ್ತು ಬಂದರೂ ಅರ್ಥ್ ಕೊನೆಯಲ್ಲಿ ಕಳಚಬೇಕು, ಅದಕ್ಕಾಗಿ. ತುದಿಯಲ್ಲಿ 8 ಮಿ.ಮೀ. ತಾಮ್ರ ತೆರೆದು ಎಳೆಗಳನ್ನು ಹೊಸೆಯಿರಿ. ಇಲ್ಲಿ ತುಂಬ ಜನ ಬೆಸುಗೆ ಹಾಕಿ ತುದಿಯನ್ನು ಗಟ್ಟಿ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಕ್ರೂ ಒತ್ತಡಕ್ಕೆ ಬೆಸುಗೆಯ ಸೀಸ-ತವರ ನಿಧಾನವಾಗಿ ಹಿಂಡಿ ಹೋಗಿ, ಬಿಗಿ ಇದ್ದ ಜೋಡಣೆ ತಾನಾಗಿಯೇ ಸಡಿಲವಾಗುತ್ತದೆ. ಆಮೇಲೆ ಬಿಸಿ, ಚಟಪಟ ಸದ್ದು. ಒತ್ತಿ ಕೂರಿಸುವ ಫೆರೂಲ್ (ವೈರ್ ತುದಿಗೆ ಹಾಕುವ ಪುಟ್ಟ ಲೋಹದ ಕೊಳವೆ) ಹಾಕಿ, ಇಲ್ಲವೇ ಎಳೆಗಳನ್ನು ಮಡಚಿ ಎರಡು ಪದರ ಮಾಡಿ ತೂರಿಸಿ. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ಥ್. ಹಳೆಯ ಕೇಬಲ್‌ಗಳಲ್ಲಿ, ಅಮೆರಿಕದ ಕೇಬಲ್‌ಗಳಲ್ಲಿ ಬಣ್ಣ ಬೇರೆ ಇರುತ್ತದೆ. ಹಾಗಾಗಿ ಬಣ್ಣವನ್ನಷ್ಟೇ ನಂಬದೆ ಮಲ್ಟಿಮೀಟರ್‌ನಲ್ಲಿ ಒಂದೊಂದು ವೈರನ್ನೂ ಎರಡೂ ತುದಿಯಲ್ಲಿ ಹಿಡಿದು ನೋಡಿ. ಮುಚ್ಚಳ ಹಾಕುವ ಮುಂಚೆ ಪ್ರತಿ ವೈರನ್ನೂ ಜಗ್ಗಿ.

ಇಷ್ಟಾದರೆ ಪ್ಲಗ್ ಮುಗಿಯಿತು, ಅರ್ಥಿಂಗ್ ಮುಗಿಯಲಿಲ್ಲ. ಪ್ಲಗ್‌ನ ಅರ್ಥ್ ಪಿನ್‌ಗೂ ಆಂಪ್ಲಿಫೈಯರಿನ ಚಾಸಿಸ್‌ನ (ಒಳಗಿನ ಲೋಹದ ಚೌಕಟ್ಟಿನ) ಬಣ್ಣವಿಲ್ಲದ ಜಾಗಕ್ಕೂ ನಡುವೆ ಓಮ್ ಅಳೆಯಿರಿ. ಮೀಟರಿನ ಸ್ವಂತ ವೈರ್‌ಗಳ ರೆಸಿಸ್ಟೆನ್ಸ್ ಕಳೆದ ಮೇಲೆ 0.2 ಓಮ್ ಒಳಗೆ ಬಂದರೆ ಚೆನ್ನ. ಹೆಚ್ಚು ತೋರಿಸಿದರೆ ದೋಷ ಬಹುತೇಕ ಚಾಸಿಸ್ ತುದಿಯಲ್ಲೇ: ಬಣ್ಣದ ಮೇಲೆ ಕೂತ ವಾಷರ್, ಅಥವಾ ಟ್ರಾನ್ಸ್‌ಫಾರ್ಮರ್ ಬೋಲ್ಟ್‌ಗೇ ಸಿಕ್ಕಿಸಿದ ಅರ್ಥ್. ಅರ್ಥ್‌ಗೆ ಅದರದೇ ಬೋಲ್ಟ್ ಬೇಕು. ಬಣ್ಣ ಕೆರೆದು, ರಿಂಗ್ ಟರ್ಮಿನಲ್, ಹಲ್ಲಿನ ವಾಷರ್, ಲಾಕ್ ನಟ್ ಹಾಕಿ.

ಎರಡೇ ವೈರ್ ಇರುವ ಹಳೆಯ ವಾಲ್ವ್ ಆಂಪ್ಲಿಫೈಯರ್‌ಗೆ ತ್ರೀ-ಪಿನ್ ಪ್ಲಗ್ ಹಾಕುವುದಾದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಅವುಗಳಲ್ಲಿ ಹಲವಕ್ಕೆ ಮೇನ್ಸ್‌ನ (ಗೋಡೆಯಿಂದ ಬರುವ ವಿದ್ಯುತ್ತಿನ) ಒಂದು ವೈರಿನಿಂದ ಚಾಸಿಸ್‌ಗೆ ಒಂದು ಕೆಪಾಸಿಟರ್ ಇರುತ್ತದೆ, ಸಾಮಾನ್ಯವಾಗಿ 0.047 ಅಥವಾ 0.05 ಮೈಕ್ರೋಫ್ಯಾರಡ್‌ನದು. ಸದ್ದು ಕಡಿಮೆ ಮಾಡಲೆಂದೇ ಇಟ್ಟದ್ದು. ಅದು ಶಾರ್ಟ್ ಆದರೆ ಚಾಸಿಸ್, ಅಲ್ಲಿಂದ ಗಿಟಾರಿನ ತಂತಿ, ಎಲ್ಲವೂ ಮೇನ್ಸ್‌ಗೆ ಸೇರುತ್ತವೆ. ಗಿಟಾರ್ ಹಿಡಿದು ಹಾಡುವವರ ತುಟಿ ಅರ್ಥ್ ಆಗಿರುವ ಮೈಕಿಗೆ ತಾಗಿದರೆ ಮುಗಿಯಿತು. ಅರ್ಥ್ ವೈರ್ ಬಂದ ಮೇಲೆ ಆ ಕೆಪಾಸಿಟರನ್ನು ಪೂರ್ತಿ ತೆಗೆದುಹಾಕಬೇಕು. ಫೇಸ್ ಮೊದಲು ಫ್ಯೂಸ್‌ಗೆ, ಅಲ್ಲಿಂದ ಸ್ವಿಚ್‌ಗೆ, ಆಮೇಲೆ ಟ್ರಾನ್ಸ್‌ಫಾರ್ಮರ್‌ಗೆ ಹೋಗಬೇಕು. ಪ್ಲಗ್ ಕಿತ್ತರೂ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಆಸುಪಾಸು ಉಳಿದಿರಬಹುದು. ಅದನ್ನು ಖಾಲಿ ಮಾಡಿ ಅಳೆದು ನೋಡುವ ಅಭ್ಯಾಸ ಇಲ್ಲದವರು ಈ ಕೆಲಸವನ್ನು ತಿಳಿದ ಟೆಕ್ನಿಷಿಯನ್‌ಗೇ ಕೊಡಬೇಕು. ಮೇನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲದ ಹಳೆಯ ಸಣ್ಣ ಆಂಪ್ಲಿಫೈಯರ್‌ಗೆ ಈ ಪ್ಲಗ್ ಸುಮ್ಮನೆ ಹಾಕಲೇಬೇಡಿ. ಅದಕ್ಕೆ ಮೊದಲು ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬೇಕು. ಚೌಕದೊಳಗೆ ಚೌಕದ ಗುರುತು (ಅಂದರೆ ಡಬಲ್ ಇನ್ಸುಲೇಷನ್) ಇರುವ ಸಾಧನಗಳಿಗೆ ಅರ್ಥ್ ಅಗತ್ಯವಿಲ್ಲ, ಅಲ್ಲಿ ದುಡ್ಡು ದಂಡ.

ಸದ್ದಿನ ಮಾತಿಗೆ ಬಂದರೆ, ಫಲಿತಾಂಶ ಒಂದು ಬಗೆಯ ಗುಂಯ್‌ಗೆ ಮಾತ್ರ ಸ್ಪಷ್ಟ. ಅರ್ಥ್ ಇಲ್ಲದ ಚಾಸಿಸ್‌ಗೆ ಟ್ರಾನ್ಸ್‌ಫಾರ್ಮರ್ ಮೂಲಕ ಸೋರುವ ಕರೆಂಟಿನಿಂದ ವೋಲ್ಟೇಜ್ ಏರುತ್ತದೆ, ಸಿಗ್ನಲ್ ಕೇಬಲ್‌ನ ಶೀಲ್ಡ್ (ಹೊರ ಲೋಹದ ಹೆಣಿಗೆ) ಕೂಡ ಅದರೊಂದಿಗೆ ತೇಲುತ್ತದೆ. ಲೋಹದ ಫಲಕ ತಾಗಿದಾಗ ಕೈ ಜುಮ್ಮೆನ್ನುವುದು ಇದರ ಸೂಚನೆ. ಮತ್ತೊಮ್ಮೆ ಮುಟ್ಟಿ ಪರೀಕ್ಷಿಸದೆ ಪ್ಲಗ್ ಕೀಳಿ. ಈ ಸದ್ದು ಸರಿಯಾದ ಅರ್ಥ್‌ನಿಂದ ಖಂಡಿತ ತಗ್ಗುತ್ತದೆ. ಗಿಟಾರನ್ನು ತಿರುಗಿಸಿ ನಿಂತಾಗ ಸದ್ದು ಬದಲಾದರೆ ಅದು ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನ ಗ್ರಹಿಸುವ ಒಂದೇ ಸುರುಳಿಯ ಭಾಗ) ಸುತ್ತಲಿನಿಂದ ಹಿಡಿಯುತ್ತಿರುವ ಸದ್ದು. ಗಿಟಾರ್ ತೆಗೆದರೂ ಉಳಿಯುವ ಕರ್ಕಶ ಬಜ್, ಅಂದರೆ ಮೇನ್ಸ್ 50 ಹರ್ಟ್ಸ್ ಇರುವಲ್ಲಿ 100, 60 ಇರುವಲ್ಲಿ 120, ಬಹುತೇಕ ಹಳೆಯ ಫಿಲ್ಟರ್ ಕೆಪಾಸಿಟರ್‌ನದು. ಇವೆರಡಕ್ಕೂ ಪ್ಲಗ್ ಔಷಧಿಯಲ್ಲ.

ಸಾಕೆಟ್‌ನಲ್ಲೇ ಅರ್ಥ್ ಇಲ್ಲದಿದ್ದರೆ ಎಷ್ಟು ಒಳ್ಳೆಯ ಪ್ಲಗ್ ಇದ್ದರೂ ವ್ಯರ್ಥ. ಮೂರು ದೀಪದ ಟೆಸ್ಟರ್ ಅದನ್ನು ತೋರಿಸುತ್ತದೆ, ಆದರೆ ನ್ಯೂಟ್ರಲ್ ಮತ್ತು ಅರ್ಥ್ ಅದಲು ಬದಲಾಗಿದ್ದರೆ ಅದಕ್ಕೂ ಗೊತ್ತಾಗುವುದಿಲ್ಲ. ಎರಡು ಆಂಪ್ಲಿಫೈಯರ್‌ಗಳನ್ನು ಒಟ್ಟಿಗೆ ಜೋಡಿಸಿದಾಗ ಹೊಸದಾಗಿ ಗುಂಯ್ ಶುರುವಾದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಅರ್ಥ್ ದಾರಿಗಳು ಸೇರಿ ಆದ ಸುತ್ತು. ಆಗ ಒಂದರ ಅರ್ಥ್ ಪಿನ್ ಕೀಳುವುದು ಎಲ್ಲೆಡೆ ಕೇಳಿಬರುವ ಸಲಹೆ, ಜೀವಕ್ಕೇ ಅಪಾಯ. ಎರಡೂ ಅರ್ಥ್ ಹಾಗೇ ಇರಲಿ. ಸಿಗ್ನಲ್ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ (ಸಿಗ್ನಲ್ಲನ್ನು ಎರಡಾಗಿ ಹಂಚುವ ಪೆಟ್ಟಿಗೆ) ಹಾಕಿ, ಸಿಗ್ನಲ್‌ನ ಗ್ರೌಂಡನ್ನು ಮಾತ್ರ ಬಿಡಿಸುವ ಗ್ರೌಂಡ್ ಲಿಫ್ಟ್ ಸ್ವಿಚ್ಚನ್ನು ಅಲ್ಲಿ ಒತ್ತಿ.