ಎಸ್‌ಜಿಒಟಿ ಹೆಚ್ಚಿದೆ ಎಂದಾಕ್ಷಣ ಲಿವರ್ ಕಾಯಿಲೆ ಅಂದುಕೊಳ್ಳಬೇಡಿ

ನಲವತ್ತು ದಾಟಿದ ಹೆಂಗಸೊಬ್ಬರಿಗೆ ನೆಲದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ರಕ್ತ ಪರೀಕ್ಷೆಯಲ್ಲಿ, ಲಿವರ್ ಸ್ಥಿತಿ ತಿಳಿಯಲು ಅಳೆಯುವ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಕಿಣ್ವಗಳೆರಡೂ 300ರ ಆಸುಪಾಸು. ಲಿವರ್‌ಗೆ ಮಾತ್ರೆ ಬರೆದುಕೊಟ್ಟರು. ಮನೆಯವರು ಕಾಮಾಲೆಯೆಂದು ನಾಟಿ ಔಷಧಿ ಕೊಡಿಸಿ, ಎಣ್ಣೆ ಖಾರ ಬಿಡಿಸಿದರು. ಹೀಗೇ ತಿಂಗಳುಗಳು ಕಳೆದವು. ಕುಡಿದ ನೀರು ಮೂಗಿನಲ್ಲಿ ಬರತೊಡಗಿದ ಮೇಲೆ ಸಿಪಿಕೆ ಎಂಬ ಸ್ನಾಯುವಿನ ಕಿಣ್ವದ ಪರೀಕ್ಷೆ ಮಾಡಿಸಿದರು. ಸಾಮಾನ್ಯವಾಗಿ 200ರೊಳಗೆ ಇರಬೇಕಾದದ್ದು 6,000 ದಾಟಿತ್ತು. ಕಾಯಿಲೆ ಡರ್ಮಟೊಮಯೋಸೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಸ್ನಾಯು, ಚರ್ಮಗಳ ಮೇಲೆ ಎರಗುವ ರೋಗ.

ಎಸ್‌ಜಿಒಟಿ, ಎಸ್‌ಜಿಪಿಟಿ ಸ್ನಾಯುಗಳಲ್ಲೂ ಇರುತ್ತವೆ. ಸ್ನಾಯು ಹಾಳಾದರೆ ರಕ್ತಕ್ಕೆ ಸೋರುತ್ತವೆ. ಲಿವರ್‌ನ ಬೇರೆ ಪರೀಕ್ಷೆಗಳಾದ ಬಿಲಿರುಬಿನ್, ಜಿಜಿಟಿ ಸರಿಯಾಗಿದ್ದು ಇವೆರಡೇ ಏರಿದ್ದರೆ, ಜೊತೆಗೆ ನಿಶ್ಶಕ್ತಿಯೂ ಇದ್ದರೆ, ಸಿಪಿಕೆ ಮಾಡಿಸಿ ಎಂದು ನೀವೇ ಕೇಳಿ. ಥೈರಾಯ್ಡ್ ಕಡಿಮೆಯಾದಾಗಲೂ ಸಿಪಿಕೆ ಏರುತ್ತದೆ, ಹಾಗಾಗಿ ಟಿಎಸ್‌ಎಚ್ ಕೂಡ ಬೇಕು. ಮೈಮುರಿಯುವ ವ್ಯಾಯಾಮ, ಸೊಂಟಕ್ಕೆ ಹಾಕಿಸಿಕೊಂಡ ಇಂಜೆಕ್ಷನ್‌ಗಳೂ ಕೆಲವು ದಿನ ಅದನ್ನು ಏರಿಸುತ್ತವೆ.

ನಿಶ್ಶಕ್ತಿಯ ರೀತಿಯನ್ನು ಗಮನಿಸಿ. ತೊಡೆ, ಸೊಂಟ, ಭುಜ ಮೊದಲು ಸೋಲುತ್ತವೆ. ಬಸ್ಸಿನ ಮೆಟ್ಟಿಲು ಹತ್ತಲು ಕಂಬಿ ಹಿಡಿದು ಜಗ್ಗಬೇಕು, ಜಡೆ ಹಾಕಿಕೊಳ್ಳುವಾಗ ಕೈ ಕೆಳಗೆ ಬೀಳುತ್ತದೆ. ನೋವು ಇಲ್ಲದಿರಬಹುದು. ಬೆರಳ ಗೆಣ್ಣುಗಳ ಮೇಲೆ ಕೆಂಪು ಅಥವಾ ನೇರಳೆ ಗಂಟು, ರೆಪ್ಪೆಯ ಮೇಲೆ ನೇರಳೆ ಛಾಯೆ ಇದ್ದರೆ ಅನುಮಾನ ಬಲವಾಗುತ್ತದೆ. ನಮ್ಮ ಮೈಬಣ್ಣದಲ್ಲಿ ಆ ಛಾಯೆ ಬರೀ ಕಪ್ಪಾಗಿ ಕಂಡು, ಭಂಗು ಎಂದು ಕ್ರೀಮ್ ಹಚ್ಚಿಸುವುದೂ ಉಂಟು.

ಮುಂದಿನ ತಪ್ಪು ಇನ್ನೂ ದುಬಾರಿ. ಪರೀಕ್ಷೆಗಳೇ ಮುಗಿಯದೆ ಸ್ಟೀರಾಯ್ಡ್ ಶುರುಮಾಡಿದರೆ ಬಯಾಪ್ಸಿ (ಸ್ನಾಯುವಿನ ತುಣುಕು ತೆಗೆದು ನೋಡುವ ಪರೀಕ್ಷೆ) ಗೊಂದಲಮಯವಾಗಬಹುದು. ಸ್ನಾಯುವಿನ ವಿದ್ಯುತ್ ಚಟುವಟಿಕೆ ಅಳೆಯುವ ಇಎಂಜಿ ಪರೀಕ್ಷೆಯ ಸೂಜಿ ಚುಚ್ಚಿದ ಸ್ನಾಯುವಿನಿಂದಲೇ ತುಣುಕು ತೆಗೆಯಬಾರದು, ಇನ್ನೊಂದು ಬದಿಯದು ಬೇಕು. ತೊಡೆಯ ಎಂಆರ್‌ಐ ಮೊದಲೇ ಮಾಡಿದರೆ ಊತವಿರುವ ಜಾಗ ಸಿಗುತ್ತದೆ. ದೇಹ ತನ್ನ ಮೇಲೇ ಎರಗುವ ರೋಗಗಳಿಗೆ ಮಾಡುವ ಎಎನ್‌ಎ ರಕ್ತ ಪರೀಕ್ಷೆ ನೆಗೆಟಿವ್ ಬಂದಿತೆಂದು ಕೈಬಿಡಬೇಡಿ, ಮಯೋಸೈಟಿಸ್ (ಸ್ನಾಯುವಿನ ಉರಿಯೂತ) ಆಂಟಿಬಾಡಿ ಪ್ಯಾನೆಲ್ ಬೇರೆಯೇ ಇದೆ. ದೊಡ್ಡವರಲ್ಲಿ ಡರ್ಮಟೊಮಯೋಸೈಟಿಸ್ ಎಂದಾದರೆ ಒಳಗೆ ಕ್ಯಾನ್ಸರ್ ಇದೆಯೇ ಎಂದೂ ಹುಡುಕಬೇಕು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ನುಂಗುತ್ತಿದ್ದರೆ ತಪ್ಪದೆ ಹೇಳಿ: ಮಾತ್ರೆ ನಿಲ್ಲಿಸಿದರೂ ಮುಂದುವರಿಯುವ ಸ್ನಾಯುರೋಗ ಅಪರೂಪಕ್ಕೆ ಅದರಿಂದ ಬರುತ್ತದೆ.

ಸಿಪಿಕೆ ಸರಿಯಿದೆ ಎಂದು ನಿಶ್ಚಿಂತೆಯಾಗುವಂತೆಯೂ ಇಲ್ಲ. ಎಂಡಿಎ5 ಎಂಬ ಆಂಟಿಬಾಡಿ ಇರುವ ಡರ್ಮಟೊಮಯೋಸೈಟಿಸ್ ಬಗೆಯಲ್ಲಿ ಸ್ನಾಯು ಹೆಚ್ಚೇನೂ ಕೆಡದೆ, ಶ್ವಾಸಕೋಶ ಕೆಲವೇ ವಾರಗಳಲ್ಲಿ ಹಾಳಾಗಬಲ್ಲದು. ಚರ್ಮದ ಈ ಗುರುತುಗಳ ಜೊತೆ ಒಣ ಕೆಮ್ಮು, ಏದುಸಿರು, ಬೆರಳಲ್ಲಿ ಹುಣ್ಣು ಕಂಡರೆ, ಅಥವಾ ನುಂಗುವಾಗ ಕೆಮ್ಮು ಬಂದರೆ, ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅದೇ ದಿನ ಇಂಥ ರೋಗಗಳ ತಜ್ಞರಾದ ರುಮಟಾಲಜಿಸ್ಟ್ ಇರುವ ಆಸ್ಪತ್ರೆಗೆ ಹೋಗಿ. ಹಳೆಯ ರಿಪೋರ್ಟ್‌ಗಳೆಲ್ಲ ಜೊತೆಗಿರಲಿ.